ಅಪ್‌ಡೇಟ್ ಆಯಿತು, ರೀಸ್ಟಾರ್ಟ್ ಯಾವಾಗ?

ಅಬ್ಬಾರ ಮೊಬೈಲ್‌ನಲ್ಲಿ 'ರೀಸ್ಟಾರ್ಟ್ ಮಾಡಿ' ಎಂಬ ಸೂಚನೆ ಬಂದು ಒಂದು ವಾರವಾಗಿತ್ತು. ನಾನು ನೆನಪಿಸಿದಾಗಲೆಲ್ಲ, "ಈಗ ಬೇಡ, ಅಂಗಡಿಗೆ ಸಾಮಾನು ತರುವವರು ಫೋನ್ ಮಾಡುತ್ತಾರೆ" ಎನ್ನುತ್ತಿದ್ದರು. ನೂರಾರು ಸರ್ವರ್‌ಗಳನ್ನು ನೋಡಿಕೊಳ್ಳುವವರದ್ದೂ ಇದೇ ಕಷ್ಟ. ರೀಸ್ಟಾರ್ಟ್ ಮಾಡಿದರೆ ಕೆಲಸ ನಿಲ್ಲುತ್ತದೆ, ಮಾಡದಿದ್ದರೆ ಅಪಾಯ.

ಅಪಾಯ ಏಕೆ? ಅಂಗಡಿಗೆ ಹೊಸ ದರಪಟ್ಟಿ ಬಂದಿದೆ, ಆದರೆ ಗಲ್ಲಾದಲ್ಲಿ ಕೂತವರು ಹಳೆಯ ದರವನ್ನೇ ನೆನಪಿನಿಂದ ಹೇಳುತ್ತಿದ್ದಾರೆ ಎಂದುಕೊಳ್ಳಿ. ಸರ್ವರ್‌ನಲ್ಲೂ ಹಾಗೆಯೇ. ಅಪ್‌ಡೇಟ್ ಮಾಡಿದಾಗ ಹೊಸ ಕರ್ನಲ್ ಡಿಸ್ಕ್‌ಗೆ ಬಂದಿರುತ್ತದೆ, ಆದರೆ ಮೆಮೊರಿಯಲ್ಲಿ ಓಡುತ್ತಿರುವುದು ಹಳೆಯದೇ. ರೀಬೂಟ್ ಆಗುವವರೆಗೆ ಹಳೆಯ ದೋಷವೂ ಹಾಗೇ ಇರುತ್ತದೆ.

ಅಪ್‌ಡೇಟ್ ಮುಂದೂಡಿದರೆ ಏನಾಗುತ್ತದೆ ಎಂಬುದನ್ನು 2017ರಲ್ಲಿ ಜಗತ್ತು ನೋಡಿತು. ವಿಂಡೋಸ್‌ನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದ ಕಂಪ್ಯೂಟರ್‌ಗಳ ಮೇಲೆ ಮೇ 12ರಂದು 'ವನ್ನಾಕ್ರೈ' ದಾಳಿ ನಡೆಯಿತು. ಬ್ರಿಟನ್‌ನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳೂ ರದ್ದಾದವು.

ಈ ಕೆಲಸವನ್ನು ಮನುಷ್ಯರ ನೆನಪಿಗೆ ಬಿಡದಿರಲು ಅನ್ಸಿಬಲ್, ಪಪೆಟ್‌ನಂಥ ಸಾಧನಗಳಿವೆ. ಮೈಕೆಲ್ ಡಿಹಾನ್ 2012ರಲ್ಲಿ ಹೊರತಂದ ಅನ್ಸಿಬಲ್‌ನಲ್ಲಿ ಮಾಡಬೇಕಾದುದನ್ನೆಲ್ಲ 'ಪ್ಲೇಬುಕ್' ಎಂಬ ಕಡತದಲ್ಲಿ ಬರೆದಿಡುತ್ತಾರೆ:

1. ಸರ್ವರನ್ನು ಅಪ್‌ಡೇಟ್ ಮಾಡು.
2. ರೀಬೂಟ್ ಬೇಕೇ ನೋಡು. ಬೇಕಿದ್ದರೆ ಉಬುಂಟು ತಾನೇ 'ರೀಬೂಟ್-ರಿಕ್ವೈರ್ಡ್' ಎಂಬ ಸಣ್ಣ ಕಡತ ಇಟ್ಟಿರುತ್ತದೆ.
3. ಆ ಕಡತ ಇದ್ದರೆ ಮಾತ್ರ ರೀಬೂಟ್ ಮಾಡು.
4. ಸರ್ವರ್ ಮತ್ತೆ ಎದ್ದು ಉತ್ತರಿಸುವವರೆಗೆ ಕಾಯಿ. ಬೇರೆ ಸಮಯ ಹೇಳದಿದ್ದರೆ ಅನ್ಸಿಬಲ್ 600 ಸೆಕೆಂಡ್ ಕಾಯುತ್ತದೆ, ಆಮೇಲೆ 'ವಿಫಲ' ಎಂದು ವರದಿ ಮಾಡುತ್ತದೆ.

ಇದರಲ್ಲಿ ನನಗೆ ಹಿಡಿಸಿದ್ದು 'ಸೀರಿಯಲ್' ಎಂಬ ಸಾಲು. ಅದಕ್ಕೆ 1 ಎಂದು ಕೊಟ್ಟರೆ ಹತ್ತು ಸರ್ವರ್‌ಗಳಲ್ಲಿ ಒಂದೊಂದೇ ರೀಬೂಟ್ ಆಗುತ್ತದೆ, ಉಳಿದ ಒಂಬತ್ತು ಕೆಲಸ ಮಾಡುತ್ತಿರುತ್ತವೆ. ಒಂದು ಏಳದಿದ್ದರೆ ಮುಂದಿನದನ್ನು ಮುಟ್ಟದೆ ಅಲ್ಲಿಗೇ ನಿಲ್ಲುತ್ತದೆ. ಎಲ್ಲದಕ್ಕೂ ಒಮ್ಮೆಲೇ ಕೈಹಾಕುವುದು ಎಷ್ಟು ದುಬಾರಿ ಎಂದು 2024ರ ಜುಲೈ 19 ತೋರಿಸಿತು. ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಸಾಲುಗಟ್ಟಿ ಕಾದರು.

ವಾಣಿಜ್ಯ ವಿಭಾಗದ ನಮಗೆ ಇದು ಹೊಸದೇನಲ್ಲ. ಲೆಕ್ಕ ಬರೆದರೆ ಸಾಲದು, ತಾಳೆ ನೋಡಬೇಕು. ತಾಳೆಯಾಗದಿದ್ದರೆ ಮುಂದಿನ ಪುಟಕ್ಕೆ ಹೋಗಬಾರದು.

ಅಂದ ಹಾಗೆ, ಮೊನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅಬ್ಬಾರ ಮೊಬೈಲ್ ರೀಸ್ಟಾರ್ಟ್ ಮಾಡಿದೆವು. ಎರಡೇ ನಿಮಿಷ ಹಿಡಿಯಿತು. ನಿಮ್ಮ ಮೊಬೈಲ್‌ನಲ್ಲಿ ಆ ಸೂಚನೆ ಬಂದು ಎಷ್ಟು ದಿನವಾಯಿತು?

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ