ಎರಡು ತೆನೆ ನಮಗೆ, ಉಳಿದದ್ದು ರಾಟವಾಳಕ್ಕೆ

ಬೆಳಿಗ್ಗೆ ಒಂಬತ್ತರ ಮೀಟಿಂಗ್‌ಗೆ ಲಾಗಿನ್ ಆಗುವ ಮೊದಲು, ಚಹಾ ಲೋಟ ಹಿಡಿದು ಬಾಲ್ಕನಿ ಬಾಗಿಲ ಹಿಂದೆ ಹತ್ತು ನಿಮಿಷ ನಿಲ್ಲುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಪುಣೆಯ ವಾಕಡ್‌ನಲ್ಲಿ ಮೂರನೇ ಮಹಡಿಯ ಮನೆ ನಮ್ಮದು. ಕಾಂಪೌಂಡಿನ ಆಚೆ ಒಂದು ಖಾಲಿ ಸೈಟು, ಮಳೆಗಾಲದಲ್ಲಿ ಅದರ ತುಂಬ ಎದೆಯೆತ್ತರದ ಹುಲ್ಲು.

ಎರಡು ವರ್ಷದ ಹಿಂದೆ ಮೊಬೈಲ್‌ನಲ್ಲಿ ಒಂದು ವಿಡಿಯೊ ನೋಡಿದೆ. ಇಂಗ್ಲೆಂಡಿನ ಯಾವುದೋ ಮನೆಯ ತೋಟ, ಕೊಂಬೆಗೆ ತೂಗುಹಾಕಿದ ಕಾಳಿನ ಡಬ್ಬಿ, ಅದರ ಮೇಲೆ ಒಂದು ಜೋಡಿ ಬುಲ್‌ಫಿಂಚ್. ಗಂಡಿನ ಎದೆ ಗುಲಾಬಿಗೆಂಪು, ತಲೆ ಕಪ್ಪು. ವಿಡಿಯೊ ಮಾಡಿದವರ ಉಸಿರು ಕೂಡ ಕೇಳಿಸುತ್ತಿತ್ತು, ಅಷ್ಟು ಖುಷಿ ಅವರಿಗೆ. ಅವತ್ತು ರಾತ್ರಿಯೇ ಆನ್‌ಲೈನ್‌ನಲ್ಲಿ ಒಂದು ಫೀಡರ್, ಎರಡು ಕೆಜಿ ಹಕ್ಕಿಕಾಳು ತರಿಸಿದೆ. ಬುಲ್‌ಫಿಂಚ್ ಪುಣೆಗೆ ಬರುವುದಿಲ್ಲ ಎಂದು ಗೊತ್ತಿತ್ತು. ಬರುವುದು ಯಾವುದೋ ಬರಲಿ ಎಂದುಕೊಂಡೆ.

ಮೊದಲು ಬಂದದ್ದು ಪಾರಿವಾಳ. ಆಮೇಲೂ ಪಾರಿವಾಳ. ಮೂರನೇ ವಾರ, ಒಂದು ಶನಿವಾರ ಬೆಳಿಗ್ಗೆ, ಗುಬ್ಬಿಗಿಂತ ಚಿಕ್ಕದಾದ ಐದಾರು ಹಕ್ಕಿ ಸಾಲಾಗಿ ಕಂಬಿಯ ಮೇಲೆ ಕೂತವು. ಮುಖ, ಗಂಟಲು ಗಾಢ ಕಂದು. ಬಿಳಿ ಎದೆಯ ಮೇಲೆ ಮೀನಿನ ಹುರುಪೆಯಂಥ ಗೆರೆಗಳು. ಒಂದನ್ನೊಂದು ಒತ್ತಿಕೊಂಡು ಕೂತು, ಬಾಲ ಅಲ್ಲಾಡಿಸಿ, ಒಂದೊಂದೇ ಕಾಳು ಕೊಕ್ಕಿನಲ್ಲಿ ಹಿಡಿದು ಸಿಪ್ಪೆ ಬಿಡಿಸಿ ತಿಂದವು. ಚಹಾ ಆರಿಹೋಗುವ ತನಕ ನಾನು ಕದಲಲಿಲ್ಲ.

ಕನ್ನಡದಲ್ಲಿ ಇದು ಚುಕ್ಕೆ ರಾಟವಾಳ. ಮರಾಠಿಯಲ್ಲಿ ಮನೋಲಿ. 1758ರಲ್ಲೇ ಲಿನೇಯಸ್ ಹೆಸರಿಟ್ಟ ಹಕ್ಕಿ. ತೂಕ ಹನ್ನೆರಡರಿಂದ ಹದಿನಾರು ಗ್ರಾಂ. ಮೊದಮೊದಲು ಎರಡು ಜಾತಿಯ ಹಕ್ಕಿ ಬರುತ್ತಿವೆ ಎಂದುಕೊಂಡಿದ್ದೆ, ಏಕೆಂದರೆ ಕೆಲವಕ್ಕೆ ಚುಕ್ಕೆಯೇ ಇರಲಿಲ್ಲ, ಬರೀ ಮಾಸಲು ಕಂದು. ಅವು ಮರಿಗಳು ಎಂದು ಆಮೇಲೆ ತಿಳಿಯಿತು. ಹೆಣ್ಣು ಗಂಡು ಮಾತ್ರ ಒಂದೇ ಥರ, ನೋಡಿ ಹೇಳಲಾಗದು. ಇನ್ನೊಂದು ದಿನ ಒಂದು ಹಕ್ಕಿ ಕತ್ತು ಚಾಚಿ ಕೊಕ್ಕು ಆಡಿಸುತ್ತಿತ್ತು, ದನಿಯೇ ಇಲ್ಲ. ಗಾಜಿನ ಬಾಗಿಲು ತಡೆಯುತ್ತಿದೆ ಎಂದು ಮೆಲ್ಲಗೆ ಸರಿಸಿದೆ. ಆಗಲೂ ಕೇಳಲಿಲ್ಲ. ಇದರ ಹಾಡು ಎಷ್ಟು ಸಣ್ಣದೆಂದರೆ ತೀರ ಹತ್ತಿರವಿದ್ದರೆ ಮಾತ್ರ ಕೇಳುತ್ತದಂತೆ. ಹಾಡು ನಮಗಾಗಿ ಅಲ್ಲ, ಪಕ್ಕದಲ್ಲಿ ಕೂತ ಹಕ್ಕಿಗಾಗಿ.

ಈ ಸುಖ ಎಂಟು ತಿಂಗಳು ನಡೆಯಿತು. ಆಮೇಲೆ ಒಂದು ಸಂಜೆ ಕೆಳಗಿನ ಮನೆಯ ಅಜೋಬಾ ಬಾಗಿಲು ಬಡಿದರು. ನಿವೃತ್ತರು, ಮೆತ್ತಗಿನ ಮಾತಿನವರು. ಅವರ ಹೆಂಡತಿಗೆ ಎರಡು ತಿಂಗಳಿಂದ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, ಮನೆಯ ಹತ್ತಿರ ಪಾರಿವಾಳ ಇವೆಯೇ ಎಂಬುದು. ಪಾರಿವಾಳದ ಹಿಕ್ಕೆ, ಪುಕ್ಕದ ಧೂಳು ಉಸಿರಿನೊಳಗೆ ಹೋಗಿ ಕೆಲವರಿಗೆ ಶ್ವಾಸಕೋಶದ ಉರಿಯೂತ ಬರುತ್ತದೆ. ಬಹಳ ದಿನ ಹಾಗೇ ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗಿ ಮತ್ತೆ ಸರಿಹೋಗದು. ಅಜೋಬಾ ನನ್ನನ್ನು ಬೈಯಲಿಲ್ಲ. ‘ಕಾಳು ಹಾಕುವುದನ್ನು ನಿಲ್ಲಿಸಲು ಆಗುತ್ತದೆಯೇ?’ ಎಂದಷ್ಟೇ ಕೇಳಿದರು.

ನನಗೆ ಸಿಟ್ಟು ಬಂದದ್ದು ನಿಜ. ನಾನು ಹಾಕುವುದು ರಾಟವಾಳಕ್ಕೆ, ಪಾರಿವಾಳಕ್ಕಲ್ಲ. ಇಡೀ ಅಪಾರ್ಟ್‌ಮೆಂಟಿನ ಎಸಿ ಕಟ್ಟೆಗಳ ಮೇಲೆ ಪಾರಿವಾಳ ಇವೆ, ನನ್ನದೊಂದು ಫೀಡರ್‌ನಿಂದ ಏನಾಗುತ್ತದೆ? ಇದನ್ನು ಸಾಬೀತು ಮಾಡೋಣವೆಂದು ಭಾನುವಾರ ಬೆಳಿಗ್ಗೆ ಒಂದು ತಾಸು ಕೂತು ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಹಾಕಿದೆ. ರಾಟವಾಳ 14 ಸಲ, ಪಾರಿವಾಳ 31 ಸಲ. ರಾಟವಾಳ ತಿನ್ನುವಾಗ ಉದುರಿಸಿದ ಕಾಳೆಲ್ಲ ಕೆಳಗಿನವರ ಕಿಟಕಿಯ ಸಜ್ಜದ ಮೇಲೆ ಬೀಳುತ್ತಿತ್ತು. ಪಾರಿವಾಳಗಳು ಅಲ್ಲೇ ಠಿಕಾಣಿ ಹೂಡಿದ್ದವು. ಅಜ್ಜಿಯ ಹಾಸಿಗೆ ಇದ್ದದ್ದು ಆ ಕಿಟಕಿಯ ಪಕ್ಕದಲ್ಲಿ.

2025ರಲ್ಲಿ ಮುಂಬೈಯ ದಾದರ್ ಕಬೂತರ್‌ಖಾನಾ ಮುಚ್ಚಿದಾಗ ನಡೆದ ಗಲಾಟೆ ನಿಮಗೆ ನೆನಪಿರಬಹುದು. ಕಾಳು ಹಾಕುವವರ ಭಕ್ತಿ ಒಂದು ಕಡೆ, ಉಸಿರಾಟದ ತೊಂದರೆ ಇನ್ನೊಂದು ಕಡೆ. ಟಿವಿ ಮುಂದೆ ಕೂತು ಅದರ ಬಗ್ಗೆ ತೀರ್ಪು ಕೊಡುವುದು ಸುಲಭ. ನನ್ನ ಬಾಲ್ಕನಿಯಲ್ಲಿ ನಾನೇ ಸಣ್ಣದೊಂದು ಕಬೂತರ್‌ಖಾನಾ ನಡೆಸುತ್ತಿದ್ದೆ. ಫೀಡರ್ ಕಳಚಿ ಅಟ್ಟಕ್ಕೆ ಹಾಕಿದೆ, ಕೆಳಗಿನ ಸಜ್ಜ ತೊಳೆಸಿಕೊಟ್ಟೆ. ಎರಡು ದಿನ ರಾಟವಾಳಗಳು ಬಂದು ಖಾಲಿ ಕೊಕ್ಕೆಯ ಸುತ್ತ ಹಾರಾಡಿದವು. ಮೂರನೇ ದಿನ ಬರಲಿಲ್ಲ.

ಜೂನ್‌ನಲ್ಲಿ ಗದಗಿನಿಂದ ಅವ್ವ ಬಂದಳು. ಬಾಲ್ಕನಿಯ ಕುಂಡಗಳಲ್ಲಿ ಕಳೆ ಬೆಳೆದಿತ್ತು. ನಾನು ಕೀಳಲು ಹೋದರೆ ಕೈ ಹಿಡಿದಳು.

‘ಏ ತಮ್ಮಾ, ಕೀಳಬ್ಯಾಡೋ. ಇದು ನವಣಿ.’

ಫೀಡರ್‌ನಿಂದ ಉದುರಿದ ಕಾಳು ಮಳೆ ಬಿದ್ದೊಡನೆ ಮೊಳೆತಿತ್ತು. ಅಂಗಡಿಯಲ್ಲಿ ಸಿಗುವ ನವಣಕ್ಕಿಯ ಸಿಪ್ಪೆ ತೆಗೆದಿರುವುದರಿಂದ ಅದು ಮೊಳೆಯದು, ಹಕ್ಕಿಕಾಳು ಸಿಪ್ಪೆ ಸಮೇತ ಇರುತ್ತದೆ. ಅವ್ವ ಉಳಿದಿದ್ದ ಕಾಳನ್ನೂ ಇನ್ನೆರಡು ಕುಂಡಗಳಿಗೆ ಹಾಕಿದಳು. ನಾನು ಫೀಡರ್‌ನ ಕತೆ ಹೇಳಿ ಹಕ್ಕಿಯ ಫೋಟೊ ತೋರಿಸಿದೆ. ಕನ್ನಡಕ ಏರಿಸಿ ನೋಡಿ ನಕ್ಕಳು.

‘ಅಲ್ಲೋ, ಊರಾಗ ಇವನ್ನ ಓಡ್ಸಾಕ ನಿನ್ನ ಹೊಲಕ್ಕ ಕಳಸ್ತಿದ್ವಿ. ಇಲ್ಲಿ ರೊಕ್ಕಾ ಕೊಟ್ಟು ಕರಸ್ಕೊಂಡಿಯಲ್ಲ!’

ಸುಳ್ಳಲ್ಲ. ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ಅಟ್ಟಣಿಗೆ ಏರಿ, ಡಬ್ಬಿ ಬಡಿದು, ಕವಣೆ ಬೀಸಿ ಹಕ್ಕಿ ಕಾಯುವುದು ನನ್ನ ಶಾಲೆ ರಜೆಯ ಕೆಲಸವಾಗಿತ್ತು. ಆಗ ಎಲ್ಲವೂ ಬರೀ ‘ಹಕ್ಕಿ’. ಮುಖ ಯಾವ ಬಣ್ಣ, ಎದೆಯ ಮೇಲೆ ಎಂಥ ಗೆರೆ ಎಂದು ನೋಡಿದವನಲ್ಲ. ಊರು ಬಿಟ್ಟು ಹದಿನೈದು ವರ್ಷವಾದ ಮೇಲೆ ಅದೇ ಹಕ್ಕಿಯನ್ನು ಹೆಸರು ಹಿಡಿದು ಕಾಯುತ್ತಿದ್ದೇನೆ.

ಸೆಪ್ಟೆಂಬರ್ ಹೊತ್ತಿಗೆ ತೆನೆ ಬಾಗಿದವು. ಒಂದು ಬೆಳಿಗ್ಗೆ ನಾಲ್ಕು ರಾಟವಾಳ ನೇರ ತೆನೆಗೇ ಬಂದು ಜೋತವು. ದಂಟು ಬಿಲ್ಲಿನಂತೆ ಬಗ್ಗಿತು, ಮುರಿಯಲಿಲ್ಲ. ನಿಂತ ಹುಲ್ಲಿನ ಕಾಳು ಬಿಡಿಸಿ ತಿನ್ನುವುದೇ ಈ ಹಕ್ಕಿಯ ಹುಟ್ಟುಗುಣ. ಡಬ್ಬಿಯಲ್ಲಿ ಕಂಡದ್ದಕ್ಕಿಂತ ಇದು ಬೇರೆಯೇ ನೋಟ. ಒಂದು ಪಾರಿವಾಳವೂ ಪ್ರಯತ್ನಿಸಿತು. ಮುನ್ನೂರು ಗ್ರಾಂ ಭಾರಕ್ಕೆ ದಂಟು ಜಗ್ಗಿ, ರೆಕ್ಕೆ ಬಡಿಯುತ್ತ ಹೊರಟುಹೋಯಿತು. ಪಾರಿವಾಳ ಬರುವುದು ಪೂರ್ತಿ ನಿಂತಿಲ್ಲ, ಕಟ್ಟಡದಲ್ಲಿ ಅವು ಇದ್ದೇ ಇವೆ. ಆದರೆ ಕೆಳಗಿನ ಸಜ್ಜದ ಮೇಲೆ ಈಗ ಗುಂಪಿಲ್ಲ. ಬಿದ್ದ ಹೊಟ್ಟನ್ನು ನಾನು ದಿನಾ ಗುಡಿಸುತ್ತೇನೆ. ಇನ್ನೊಂದು ದಿನ ಒಂದು ರಾಟವಾಳ ತನ್ನ ಮೈಗಿಂತ ಉದ್ದದ ನವಣೆ ಗರಿ ಕಚ್ಚಿಕೊಂಡು ಹಾರಿತು. ಎಲ್ಲೋ ಗೂಡು ಕಟ್ಟುತ್ತಿದೆ. ಹುಲ್ಲಿನ ಉಂಡೆಯಂಥ ಗೂಡು ಅದರದು, ಬಾಗಿಲು ಪಕ್ಕದಲ್ಲಿ.

ಸಂತೆಗಳಲ್ಲಿ ಹಸಿರು, ಹಳದಿ, ಗುಲಾಬಿ ಬಣ್ಣದ ಪುಟ್ಟ ಹಕ್ಕಿಗಳನ್ನು ಪಂಜರದಲ್ಲಿ ಮಾರುವುದನ್ನು ನೀವು ನೋಡಿರಬಹುದು. ಅವುಗಳಲ್ಲಿ ಎಷ್ಟೋ ಬಣ್ಣ ಹಚ್ಚಿದ ರಾಟವಾಳಗಳೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವನ್ನು ಹಿಡಿಯುವುದು, ಮಾರುವುದು ಅಪರಾಧ. ಕೊಳ್ಳಬೇಡಿ. ಬಾಲ್ಕನಿಯಲ್ಲಿ ಬಿಸಿಲು ಬೀಳುವ ಜಾಗ, ಎರಡು ಕುಂಡ, ಒಂದು ಹಿಡಿ ಸಿಪ್ಪೆಯಿರುವ ನವಣೆ ಸಾಕು. ಸುಮಾರು ಮೂರು ತಿಂಗಳು ಕಾಯಬೇಕು. ಮಣ್ಣಿನ ಬಟ್ಟಲಲ್ಲಿ ನೀರಿಟ್ಟರೆ ದಿನಾ ಬದಲಿಸಿ. ಬಿಡಿ ಕಾಳು ಮಾತ್ರ ಚೆಲ್ಲಬೇಡಿ.

ಕೆಳಗಿನ ಅಜ್ಜಿ ಔಷಧಿಯಲ್ಲಿದ್ದಾರೆ, ಈಗ ಲಿಫ್ಟ್‌ವರೆಗೆ ನಡೆಯುತ್ತಾರೆ. ಅಜೋಬಾ ಮೊನ್ನೆ ಸಿಕ್ಕು ‘ಮನೋಲಿ ಬಂತೇ?’ ಎಂದು ಕೇಳಿದರು. ಖಾಲಿ ಸೈಟಿನಲ್ಲಿ ಬಿಲ್ಡರ್ ಬೋರ್ಡು ಎದ್ದಿದೆ. ಮುಂದಿನ ಮಳೆಗಾಲಕ್ಕೆ ಅಲ್ಲಿ ಹುಲ್ಲು ಇರುವುದಿಲ್ಲ, ನನ್ನ ಮೂರು ಕುಂಡ ಒಂದು ಬಯಲಿಗೆ ಸಮವಲ್ಲ ಎಂಬುದೂ ಗೊತ್ತು.

ಅವ್ವ ಫೋನಿನಲ್ಲಿ ಹೇಳಿದ್ದಾಳೆ: ‘ಬೀಜಕ್ಕ ಎರಡು ತೆನಿ ಉಳಿಸ್ಕೋ, ಇಲ್ಲಾಂದ್ರ ಎಲ್ಲಾ ಖಾಲಿ ಮಾಡ್ತಾವ.’ ಎರಡು ತೆನೆಗೆ ಹಳೇ ಕರ್ಚೀಫ್ ಸುತ್ತಿ ದಾರ ಕಟ್ಟಿದ್ದೇನೆ. ಉಳಿದವನ್ನು ಅವು ಇವತ್ತು ಬೆಳಿಗ್ಗೆಯಿಂದ ತಿನ್ನುತ್ತಿವೆ.