ಸಾಕ್ಷಿ ನುಡಿದ ಪಾಲಕ್ ಸೊಪ್ಪು

ಅನಾನಸ್ ಹಣ್ಣಿಗೆ ಆ ಪರಿಮಳ ಎಲ್ಲಿಂದ ಬರುತ್ತದೆ? 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸಂಸ್ಥೆಯಲ್ಲಿದ್ದ ಜೀವರಸಾಯನ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ ತಲೆ ಕೆಡಿಸಿಕೊಂಡಿದ್ದ ಪ್ರಶ್ನೆ ಇದು. ಹಣ್ಣಿನಿಂದೇಳುವ ಆವಿಯನ್ನು ಅತಿ ತಣ್ಣನೆಯ ಕೊಳವೆಗಳಲ್ಲಿ ಹಾಯಿಸಿ, ಹನಿಗಟ್ಟಿಸಿ, ಆ ಹನಿಯಲ್ಲಿ ಏನೇನಿದೆ ಎಂದು ಬಿಡಿಸಿ ನೋಡುವುದು ಹಾಲೆಂಡಿನಿಂದ ಬಂದ ಈ ವಿಜ್ಞಾನಿಯ ಕಸುಬು. ಈರುಳ್ಳಿ, ಬೆಳ್ಳುಳ್ಳಿ, ವೈನ್ ಎಲ್ಲದರ ವಾಸನೆಯೂ ಅವರ ಕೈಯಲ್ಲಿ ಹೀಗೇ ಹನಿಯಾಗಿತ್ತು. ಅದೇ ಉಪಕರಣಕ್ಕೆ ಅವರು ಒಮ್ಮೆ ಹಣ್ಣಿನ ಆವಿಯ ಬದಲು ಊರಿನ ಗಾಳಿಯನ್ನೇ ಎಳೆದುಕೊಂಡರು. ಸಿಕ್ಕಿದ್ದು ಕೆಲವೇ ಹನಿ ಕಂದು ದ್ರವ. ಮೂಗಿನ ಹತ್ತಿರ ಹಿಡಿಯಲಾಗದಷ್ಟು ದುರ್ವಾಸನೆ.

ಲಾಸ್ ಏಂಜಲೀಸ್ ನಗರ ಆಗ ಕಣ್ಣೀರು ಸುರಿಸುತ್ತಿತ್ತು. ಇದು ಅಲಂಕಾರದ ಮಾತಲ್ಲ. 1943ರ ಜುಲೈ 26ರಂದು ಪೇಟೆಯ ನಡುವೆ ಮಬ್ಬು ಕವಿದು, ಮೂರು ಬೀದಿಯಾಚೆ ಏನಿದೆಯೆಂದು ಕಾಣದಂತಾಯಿತು. ಜನರ ಕಣ್ಣುರಿ, ಗಂಟಲುರಿ ತಡೆಯದಾಯಿತು. ಯುದ್ಧದ ಕಾಲವಾದ್ದರಿಂದ ಜಪಾನಿಯರೇ ವಿಷಾನಿಲ ಬಿಟ್ಟಿದ್ದಾರೆ ಎಂಬ ಗುಲ್ಲೂ ಹಬ್ಬಿತು. ಆಮೇಲೆ ಸಂಶಯ ಊರೊಳಗಿನ ಬ್ಯೂಟಾಡೈಈನ್ ಕಾರ್ಖಾನೆಯ ಮೇಲೆ ತಿರುಗಿತು. ಕೃತಕ ರಬ್ಬರಿಗೆ ಬೇಕಾದ ಕಚ್ಚಾವಸ್ತು ತಯಾರಾಗುತ್ತಿದ್ದುದು ಅಲ್ಲಿ. ಅದನ್ನು ಕೆಲಕಾಲ ನಿಲ್ಲಿಸಿಯೂ ನೋಡಿದರು, ಮಬ್ಬು ಹೋಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು.

ಲಂಡನ್ನಿನ ಅನುಭವ ಆಗಿನವರ ಕಣ್ಣ ಮುಂದಿತ್ತು. ಕಲ್ಲಿದ್ದಲು ಉರಿಸಿದಾಗ ಗಂಧಕದ ಡೈಆಕ್ಸೈಡ್ ಏಳುತ್ತದೆ, ಅದು ಮಂಜಿಗೆ ಬೆರೆತು ಉಸಿರು ಕಟ್ಟಿಸುತ್ತದೆ. ಹೊಗೆ ಮತ್ತು ಮಂಜು ಸೇರಿದ ಇದಕ್ಕೆ ಇಂಗ್ಲಿಷಿನಲ್ಲಿ ‘ಸ್ಮಾಗ್’ ಎನ್ನುವ ಜೋಡುಪದವೇ ಹುಟ್ಟಿತು, ಕನ್ನಡದಲ್ಲಿ ಹೊಗೆಮಂಜು. ಮುಂದೆ 1952ರ ಡಿಸೆಂಬರಿನಲ್ಲಿ ಐದು ದಿನ ಕವಿದ ಇಂಥ ಮಬ್ಬಿಗೆ ಲಂಡನ್ನಿನಲ್ಲಿ ಸುಮಾರು 4,000 ಜನ ಸತ್ತರೆಂದು ಆಗ ಲೆಕ್ಕ ಹಾಕಿದ್ದರು. ನಂತರದ ಸಂಶೋಧಕರು ಮುಂದಿನ ವಾರಗಳ ಸಾವನ್ನೂ ಸೇರಿಸಿ ಆ ಸಂಖ್ಯೆಯನ್ನು 12,000ದವರೆಗೆ ಏರಿಸಿದ್ದಾರೆ. ಲಾಸ್ ಏಂಜಲೀಸಿನಲ್ಲಿಯೂ ತಪ್ಪಿತಸ್ಥ ಗಂಧಕವೇ ಇರಬೇಕೆಂದು ಅಧಿಕಾರಿಗಳು ಊಹಿಸಿದರು. ಕಾರ್ಖಾನೆಗಳ ಗಂಧಕಕ್ಕೆ ಕಡಿವಾಣ ಬಿತ್ತು. ಮನೆಗಳ ಹಿತ್ತಲಲ್ಲಿ ಕಸ ಸುಡುವ ಒಲೆಗಳನ್ನೂ 1957ರಲ್ಲಿ ನಿಷೇಧಿಸಿದರು. ಆದರೆ ಅಲ್ಲಿ ಹೆಚ್ಚು ಕಲ್ಲಿದ್ದಲು ಉರಿಯುತ್ತಲೇ ಇರಲಿಲ್ಲ. ಮಬ್ಬು ಕವಿಯುತ್ತಿದ್ದುದು ಥಂಡಿಯ ಇರುಳಿನಲ್ಲಲ್ಲ, ಸುಡುಬಿಸಿಲಿನ ನಡುಹಗಲಲ್ಲಿ. ಹೊಗೆಯೂ ಅಲ್ಲದ, ಮಂಜೂ ಅಲ್ಲದ ಹೊಗೆಮಂಜು ಅದು.

ಇಲ್ಲಿ ಕಥೆಯೊಳಗೆ ಪಾಲಕ್ ಸೊಪ್ಪು ಬರುತ್ತದೆ.

1944ರ ಸುಮಾರಿಗೆ ನಗರದ ಸುತ್ತಲಿನ ತರಕಾರಿ ಬೆಳೆಗಾರರು ತಮ್ಮ ಹೊಲಗಳಲ್ಲಿ ವಿಚಿತ್ರವೊಂದನ್ನು ಕಂಡರು. ಪಾಲಕ್, ಲೆಟ್ಯೂಸ್, ಬೀಟ್‌ರೂಟ್ ಎಲೆಗಳನ್ನು ಮಗುಚಿದರೆ ತಳಭಾಗ ಬೆಳ್ಳಿ ಬಳಿದಂತೆ ಹೊಳೆಯುತ್ತಿತ್ತು. ದಿನ ಕಳೆದಂತೆ ಅದೇ ಕಂಚಿನ ಬಣ್ಣಕ್ಕೆ ತಿರುಗುತ್ತಿತ್ತು. ಸೊಪ್ಪಿನ ವ್ಯಾಪಾರದಲ್ಲಿ ಕಣ್ಣಿಗೆ ಕಂಡದ್ದೇ ಬೆಲೆ, ಇಂಥ ಸರಕನ್ನು ಯಾರೂ ಮುಟ್ಟಲಿಲ್ಲ. ರಿವರ್‌ಸೈಡ್‌ನ ಕೃಷಿ ಸಂಶೋಧನಾ ಕೇಂದ್ರದ ಸಸ್ಯರೋಗ ತಜ್ಞ ಜಾನ್ ಮಿಡಲ್ಟನ್ ಮತ್ತು ಸಂಗಡಿಗರು ಕೀಟ, ಶಿಲೀಂಧ್ರ, ವೈರಸ್ ಎಲ್ಲವನ್ನೂ ಹುಡುಕಿ ಕೈಬಿಟ್ಟು, ಕೊನೆಗೆ ಬೆರಳು ತೋರಿಸಿದ್ದು ಗಾಳಿಯ ಕಡೆಗೆ. ಗಂಧಕದ ಡೈಆಕ್ಸೈಡ್ ತಾಕಿದ ಎಲೆ ನರಗಳ ನಡುವೆ ಬಿಳಚಿಕೊಳ್ಳುತ್ತದೆ. ಇದರ ಚಹರೆಯೇ ಬೇರೆ. ಹಾಗಾದರೆ ಅನಿಲವೂ ಬೇರೆಯೇ ಇರಬೇಕು.

ಮನುಷ್ಯನನ್ನು ಕೇಳಿದರೆ ‘ಕಣ್ಣು ಉರಿಯುತ್ತದೆ’ ಎಂದಷ್ಟೇ ಹೇಳಬಲ್ಲ. ಕಣ್ಣು ಈರುಳ್ಳಿಗೂ ಉರಿಯುತ್ತದೆ, ಒಲೆಯ ಹೊಗೆಗೂ ಉರಿಯುತ್ತದೆ. ಎಲೆ ಮಾತ್ರ ಒಂದೊಂದು ವಿಷಕ್ಕೆ ಒಂದೊಂದು ಬಗೆಯ ಗಾಯ ತೋರಿಸುತ್ತದೆ. ವಾಯುಮಾಲಿನ್ಯದ ಸಂಶೋಧನೆಗೆ ದೊಡ್ಡ ತಿರುವು ಸಿಕ್ಕಿದ್ದು ಈ ಗುಣದಿಂದ.

ಹಾಗೆನ್-ಸ್ಮಿಟ್ ಆ ಜಾಡನ್ನೇ ಹಿಡಿದರು. ಪಾಲಕ್, ಬೀಟ್‌ರೂಟ್, ಓಟ್ಸ್, ಕುದುರೆ ಮಸಾಲೆ ಸೊಪ್ಪಿನ ಗಿಡಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಓಝೋನ್ ಅನಿಲಕ್ಕೆ ಪೆಟ್ರೋಲಿನ ಆವಿ ಬೆರೆಸಿ ಬಿಟ್ಟರು. ಹೊಲದಲ್ಲಿ ಕಂಡ ಅದೇ ಬೆಳ್ಳಿ ಹೊಳಪು ಮೂಡಿತು. ರಬ್ಬರ್ ತುಂಡುಗಳನ್ನು ಬಗ್ಗಿಸಿಟ್ಟು ಎಷ್ಟು ನಿಮಿಷಕ್ಕೆ ಬಿರುಕು ಬಿಡುತ್ತವೆಂದು ಎಣಿಸಿದರು, ಏಕೆಂದರೆ ಓಝೋನ್ ರಬ್ಬರನ್ನು ಸೀಳುತ್ತದೆ. ಆ ಊರಿನಲ್ಲಿ ಟೈರುಗಳು ಬೇಗ ಬಿರುಕು ಬಿಡುತ್ತಿದ್ದುದಕ್ಕೂ ಇದೇ ಕಾರಣ. ಒಗಟು ಬಿಡಿಸಿಕೊಂಡಿತು: ವಾಹನಗಳ ಸೈಲೆನ್ಸರಿನಿಂದ ನೈಟ್ರೋಜನ್ ಆಕ್ಸೈಡುಗಳೂ ಅರ್ಧಂಬರ್ಧ ಉರಿದ ಪೆಟ್ರೋಲೂ ಹೊರಬೀಳುತ್ತವೆ. ಬಿಸಿಲು ನೈಟ್ರೋಜನ್ ಡೈಆಕ್ಸೈಡನ್ನು ಒಡೆದು ಒಂದು ಆಮ್ಲಜನಕ ಪರಮಾಣುವನ್ನು ಬಿಡಿಸುತ್ತದೆ. ಅದು ಗಾಳಿಯ ಆಮ್ಲಜನಕಕ್ಕೆ ಅಂಟಿಕೊಂಡು ಓಝೋನ್ ಆಗುತ್ತದೆ. ಪೆಟ್ರೋಲಿನ ಆವಿ ಇಲ್ಲದಿದ್ದರೆ ಈ ಓಝೋನ್ ಹುಟ್ಟಿದಷ್ಟೇ ಬೇಗ ಕರಗಿಯೂ ಹೋಗುತ್ತಿತ್ತು. ಆವಿ ಇರುವುದರಿಂದ ಅದು ಉಳಿದು ಗಾಳಿಯಲ್ಲಿ ಜಮೆಯಾಗುತ್ತದೆ. ಸುತ್ತ ಬೆಟ್ಟಗಳಿರುವ ಆ ಕಣಿವೆಯ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಬಾಣಲೆಗೆ ಮುಚ್ಚಳದಂತೆ ಕೂರುತ್ತದೆ. ಕೆಳಗೆ ಬಿಸಿಲಿನ ಅಡುಗೆ.

ಇಷ್ಟಕ್ಕೆ ಎಲ್ಲರೂ ಒಪ್ಪಿದರೆಂದಲ್ಲ. ತೈಲ ಉದ್ಯಮದ ಹಣದಲ್ಲಿ ಸಂಶೋಧನೆ ನಡೆಸುತ್ತಿದ್ದವರು ಈ ವಾದವನ್ನು ಬಹಿರಂಗವಾಗಿಯೇ ತಳ್ಳಿಹಾಕಿದರು. ತಮ್ಮ ವಿದ್ವತ್ತನ್ನೇ ಪ್ರಶ್ನಿಸಿದ್ದಕ್ಕೆ ಕೆರಳಿದ ಹಾಗೆನ್-ಸ್ಮಿಟ್ ಅನಾನಸ್ ಬಿಟ್ಟು ಪೂರ್ತಿಯಾಗಿ ಹೊಗೆಮಂಜಿನ ಹಿಂದೆ ಬಿದ್ದರು ಎನ್ನುತ್ತಾರೆ. ವಿಜ್ಞಾನಕ್ಕೆ ಕೆಲವೊಮ್ಮೆ ಸಿಟ್ಟೂ ಬೇಕಾಗುತ್ತದೆ. 1968ರಲ್ಲಿ ಅವರು ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯ ಮೊದಲ ಅಧ್ಯಕ್ಷರಾದರು. 1975ರ ಮಾದರಿಯಿಂದ ಅಮೆರಿಕದ ಹೊಸ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಭಾರತದ ನಾಲ್ಕು ಮಹಾನಗರಗಳಲ್ಲಿ ಅದು ಕಡ್ಡಾಯವಾದದ್ದು 1995ರಲ್ಲಿ.

ಎಲೆಯ ತಳಭಾಗದ ಆ ಬೆಳ್ಳಿಗೆ ನೇರ ಕಾರಣ ಓಝೋನ್ ಅಲ್ಲ, ಅದರ ಜೊತೆಗೇ ಹುಟ್ಟುವ ಇನ್ನೊಂದು ವಸ್ತು ಎಂಬುದು ಸ್ವಲ್ಪ ತಡವಾಗಿ ತಿಳಿಯಿತು. ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಸಂಸ್ಥೆಯ ರಸಾಯನ ವಿಜ್ಞಾನಿಗಳು ಮೊದಲು ಅದಕ್ಕೆ ‘ಎಕ್ಸ್’ ಎಂದಷ್ಟೇ ಹೆಸರಿಟ್ಟಿದ್ದರು. ಅದೇ ಪೆರಾಕ್ಸಿ ಅಸಿಟೈಲ್ ನೈಟ್ರೇಟ್, ಚುಟುಕಾಗಿ ಪ್ಯಾನ್. (ಆದಾಯ ತೆರಿಗೆಯವರ ಪ್ಯಾನ್‌ಗೂ ಇದಕ್ಕೂ ಸಂಬಂಧವಿಲ್ಲ.) ಪ್ಯಾನ್ ಎಲೆಯ ಕೆಳಮೈಯನ್ನು ಕೆಡಿಸಿದರೆ ಓಝೋನ್ ಮೇಲ್ಮೈಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳನ್ನು ಬಿಡಿಸುತ್ತದೆ. ದ್ರಾಕ್ಷಿ ಎಲೆಯ ಮೇಲಿನ ಅಂಥ ಚುಕ್ಕೆಗಳಿಗೆ ಓಝೋನ್ ಕಾರಣವೆಂದು 1958ರಲ್ಲಿ, ತಂಬಾಕಿನ ಎಲೆಯ ಚುಕ್ಕೆಗಳಿಗೂ ಅದೇ ಕಾರಣವೆಂದು 1959ರಲ್ಲಿ ಗೊತ್ತಾಯಿತು. ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನಲ್ಲಿ ಬೆಳೆಸಿದ ‘ಬೆಲ್-ಡಬ್ಲ್ಯೂ3’ ಎಂಬ ತಂಬಾಕು ತಳಿ ಓಝೋನಿಗೆ ಎಷ್ಟು ಬೇಗ ಬೆದರುತ್ತದೆಂದರೆ, ಅದನ್ನು ಕುಂಡದಲ್ಲಿಟ್ಟು ಮಾಪಕದಂತೆ ಬಳಸುವ ರೂಢಿ ಹಲವು ದೇಶಗಳಲ್ಲಿ ಬಂತು. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ತಂಬಾಕಿನ ಎಲೆ ಎಂದರೆ ದುಡ್ಡಿನ ಲೆಕ್ಕ. ಈ ತಳಿಯ ಎಲೆ ಹೇಳುವುದು ಗಾಳಿಯ ಲೆಕ್ಕವನ್ನು.

ಎಲೆಯೊಳಗೆ ನಡೆಯುವುದೇನು? ಎಲೆಗೆ ಬಾಯಿಗಳಿವೆ, ಪತ್ರರಂಧ್ರಗಳೆಂಬ ಸೂಕ್ಷ್ಮ ಬಾಯಿಗಳು. ಹಗಲು ಇಂಗಾಲದ ಡೈಆಕ್ಸೈಡ್ ಕುಡಿಯಲು ಅವು ತೆರೆದುಕೊಳ್ಳುತ್ತವೆ. ಓಝೋನ್ ಮಟ್ಟ ಏರುವುದೂ ಹಗಲಿನಲ್ಲೇ. ಒಳಹೊಕ್ಕ ಓಝೋನ್ ಜೀವಕೋಶದ ಗೋಡೆಯ ಬಳಿಯೇ ಸಿಕ್ಕಿದ್ದರ ಮೇಲೆಲ್ಲ ಬೀಳುತ್ತದೆ. ಆಹಾರ ತಯಾರಿಸುವ ಕಿಣ್ವ ಕಡಿಮೆಯಾಗುತ್ತದೆ, ಎಲೆ ಬೇಗ ಹಣ್ಣಾಗಿ ಉದುರುತ್ತದೆ, ಕಾಳು ಜೊಳ್ಳಾಗುತ್ತದೆ. ನೀರಿಲ್ಲದೆ ಬಾಡಿದ ಗಿಡ ಬಾಯಿ ಮುಚ್ಚಿಕೊಂಡಿರುವುದರಿಂದ ಅದಕ್ಕೆ ಪೆಟ್ಟು ಕಡಿಮೆ. ನೀರುಂಡು ಸೊಂಪಾಗಿ ನಿಂತ ಗಿಡಕ್ಕೇ ಹೆಚ್ಚು. ಚೆನ್ನಾಗಿ ಸಾಕಿದವನಿಗೇ ಹೆಚ್ಚು ನಷ್ಟ!

ಮಕ್ಕಳ ವಿಷಯದಲ್ಲೂ ಇದೇ ಬಗೆಯ ಒಂದು ಫಲಿತಾಂಶ ಬಂದದ್ದು ಅದೇ ದಕ್ಷಿಣ ಕ್ಯಾಲಿಫೋರ್ನಿಯಾದಿಂದ. 1990ರ ದಶಕದ ಆರಂಭದಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 12 ಊರುಗಳ ಶಾಲಾ ಮಕ್ಕಳ ಶ್ವಾಸಕೋಶವನ್ನು ವರ್ಷ ವರ್ಷವೂ ಅಳೆಯತೊಡಗಿದರು. ಮಕ್ಕಳು ಒಂದು ಕೊಳವೆಗೆ ಜೋರಾಗಿ ಊದಬೇಕು, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತೆಂದು ಯಂತ್ರ ಹೇಳುತ್ತದೆ. ಓಝೋನ್ ಹೆಚ್ಚಿರುವ ಊರುಗಳಲ್ಲಿ ಮೂರು ಅಥವಾ ಹೆಚ್ಚು ಆಟಗಳನ್ನು ಆಡುವ ಮಕ್ಕಳಿಗೆ, ಆಟವನ್ನೇ ಆಡದವರಿಗಿಂತ ಹೊಸದಾಗಿ ಆಸ್ತಮಾ ಕಾಣಿಸಿಕೊಳ್ಳುವ ಸಂಭವ 3.3 ಪಟ್ಟು ಎಂದು 2002ರಲ್ಲಿ ಪ್ರಕಟವಾಯಿತು. ಓಡಿ ಆಡುವ ಮಗು ಬಾಯಿ ತೆರೆದು ಆಳವಾಗಿ ಉಸಿರೆಳೆಯುತ್ತದೆ, ನೀರುಂಡ ಪಾಲಕ್ ಗಿಡದ ಹಾಗೆಯೇ.

ಆದರೆ ಸೊಪ್ಪಿಗೂ ಮಗುವಿಗೂ ಪೂರ್ತಿ ಹೋಲಿಕೆ ಕಟ್ಟುವಂತಿಲ್ಲ. 10ರಿಂದ 18 ವರ್ಷದವರೆಗೆ ಶ್ವಾಸಕೋಶ ಬೆಳೆಯುವ ವೇಗವನ್ನು ಕುಂಠಿತಗೊಳಿಸಿದ್ದು ಓಝೋನ್ ಎಂದು ಆ ಅಧ್ಯಯನದಲ್ಲಿ ಕಾಣಲಿಲ್ಲ. ಅಲ್ಲಿ ಎದ್ದು ಕಂಡವು ನೈಟ್ರೋಜನ್ ಡೈಆಕ್ಸೈಡ್, ಆಮ್ಲದ ಆವಿ ಮತ್ತು ಪಿ.ಎಂ. 2.5, ಅಂದರೆ ಒಂದು ಮಿಲಿಮೀಟರಿನ 400ನೇ ಒಂದು ಭಾಗಕ್ಕಿಂತ ಸಣ್ಣ ದೂಳಿನ ಕಣ. ಈ ಕಣ ಅತಿ ಕಡಿಮೆಯಿದ್ದ ಊರಿನಲ್ಲಿ 18ರ ಪ್ರಾಯದವರಲ್ಲಿ ಶ್ವಾಸಕೋಶದ ಬಲ ತೀರಾ ಕಡಿಮೆಯಿದ್ದವರು ಶೇ. 1.6, ಅತಿ ಹೆಚ್ಚಿದ್ದ ಊರಿನಲ್ಲಿ ಶೇ. 7.9. ಎಲೆಗೆ ಒಬ್ಬ ಶತ್ರು, ಎದೆಗೂಡಿಗೆ ಇನ್ನೊಬ್ಬ. ಇಬ್ಬರೂ ಹೊರಟದ್ದು ಮಾತ್ರ ಬಹುಪಾಲು ಅದೇ ಸೈಲೆನ್ಸರಿನಿಂದ.

ಈ ಸಂಶೋಧನೆಯ ಮುಂದಿನ ಭಾಗ ಅಪರೂಪದ್ದು. ವಾಯುಮಾಲಿನ್ಯದ ವರದಿಗಳಲ್ಲಿ ಒಳ್ಳೆಯ ಸುದ್ದಿ ಸಿಗುವುದೇ ವಿರಳ. ಐದು ಊರುಗಳಲ್ಲಿ ಬೇರೆ ಬೇರೆ ಅವಧಿಯ ಮೂರು ಗುಂಪಿನ ವಿದ್ಯಾರ್ಥಿಗಳನ್ನು ಹೋಲಿಸಿ 2015ರಲ್ಲಿ ಅದೇ ತಂಡ ಲೆಕ್ಕ ಕೊಟ್ಟಿತು. 15ನೆಯ ವಯಸ್ಸಿಗೆ ಶ್ವಾಸಕೋಶದ ಬಲ ಕಡಿಮೆಯಿದ್ದವರು 1990ರ ದಶಕದ ಗುಂಪಿನಲ್ಲಿ ಶೇ. 7.9 ಇದ್ದರೆ, 2007ರಿಂದ 2011ರ ಗುಂಪಿನಲ್ಲಿ ಶೇ. 3.6. ನಡುವೆ ಆದದ್ದು ಇಷ್ಟೇ: ಗಾಳಿ ಶುದ್ಧವಾಗಿತ್ತು.

ಬೆಟ್ಟದ ಮರಗಳಿಗೆ ಅಷ್ಟು ಹೊತ್ತಿಗೆ ಬಹಳ ತಡವಾಗಿತ್ತು. ಲಾಸ್ ಏಂಜಲೀಸ್ ನಗರದ ಪೂರ್ವಕ್ಕಿರುವ ಸ್ಯಾನ್ ಬರ್ನಾರ್ಡಿನೊ ಪರ್ವತಗಳಲ್ಲಿ ಪಾಂಡರೋಸಾ ಪೈನ್ ಮರಗಳ ಸೂಜಿಯೆಲೆ ಹಳದಿ ಮಚ್ಚೆಗಟ್ಟಿ ಉದುರುವುದನ್ನು 1950ರ ದಶಕದಲ್ಲೇ ಗಮನಿಸಿದ್ದರು. ರೋಗ ಯಾವುದೆಂದು ತಿಳಿಯದೆ ಇದಕ್ಕೂ ‘ಎಕ್ಸ್’ ರೋಗ ಎಂದೇ ಕರೆದರು. ಪಾಲ್ ಮಿಲ್ಲರ್ ಮತ್ತಿತರರು ಓಝೋನ್ ಹಾಯಿಸಿ ಅದೇ ಮಚ್ಚೆ ಮೂಡಿಸಿದ್ದು 1963ರಲ್ಲಿ. ಸೊರಗಿದ ಮರಗಳಿಗೆ ತೊಗಟೆ ಕೊರೆಯುವ ದುಂಬಿ ಬಿತ್ತು. ನೋಡಿದವರಿಗೆ ಕಂಡದ್ದು ದುಂಬಿ ಮಾತ್ರ.

ಓಝೋನಿನ ಒಂದು ಚಾಳಿ ಇಲ್ಲಿ ಗೊತ್ತಾಗುತ್ತದೆ. ಅದು ಹುಟ್ಟಿದ ಜಾಗದಲ್ಲಿ ನಿಲ್ಲುವುದಿಲ್ಲ. ವಾಹನ ಕಿಕ್ಕಿರಿದ ಪೇಟೆಯಲ್ಲಿ ಹೊಸದಾಗಿ ಹೊರಬೀಳುವ ನೈಟ್ರಿಕ್ ಆಕ್ಸೈಡ್ ಅದನ್ನು ನುಂಗಿಹಾಕುತ್ತದೆ. ಗಾಳಿ ಬೀಸುವ ದಿಕ್ಕಿನಲ್ಲಿ ಹತ್ತಾರು ಮೈಲಿ ಆಚೆ, ಹೊಲ-ಕಾಡುಗಳ ಮೇಲೆ ಅದರ ಮಟ್ಟ ಏರುತ್ತದೆ. ಪೇಟೆಯವರ ಸವಾರಿ, ಹಳ್ಳಿಯವರ ಫಸಲು.

ಭಾರತದ ಫಸಲಿಗೂ ಲೆಕ್ಕ ಹಾಕಿದವರಿದ್ದಾರೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಇತರರೊಂದಿಗೆ ಸೇರಿ 2014ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2005ರ ಒಂದೇ ವರ್ಷ ಓಝೋನಿನಿಂದ ದೇಶ ಕಳೆದುಕೊಂಡದ್ದು 35 ಲಕ್ಷ ಟನ್ ಗೋಧಿ, 21 ಲಕ್ಷ ಟನ್ ಅಕ್ಕಿ. ಸುಮಾರು 9.4 ಕೋಟಿ ಬಡವರ ಹೊಟ್ಟೆಗೆ ಸಾಲುವಷ್ಟು. ಇದು ಕಂಪ್ಯೂಟರ್ ಮಾದರಿಯ ಲೆಕ್ಕ, ಕಣದಲ್ಲಿ ಅಳೆದದ್ದಲ್ಲ. ನೆಲದ ಮೇಲೆ ಅಳೆಯುವ ಕೆಲಸವನ್ನು ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಧೂಲಿಕಾ ಅಗ್ರವಾಲ್ ಮತ್ತು ಸಹೋದ್ಯೋಗಿಗಳು ದಶಕಗಳಿಂದ ನಡೆಸಿದ್ದಾರೆ. ಮೇಲ್ಗಡೆ ತೆರೆದ ಪಾರದರ್ಶಕ ಮನೆಗಳಲ್ಲಿ ಒಂದಕ್ಕೆ ಸೋಸಿದ ಗಾಳಿ, ಇನ್ನೊಂದಕ್ಕೆ ಊರಿನ ಗಾಳಿ. ಒಳಗೆ ಅದೇ ತಳಿ, ಅದೇ ಮಣ್ಣು. ಊರಿನ ಗಾಳಿ ಉಂಡ ಗೋಧಿ ಇಳುವರಿಯಲ್ಲಿ ಹಿಂದೆ ಬೀಳುತ್ತದೆ.

ಉತ್ತರದ ಮಾವಿನ ತೋಪಿನವರು ಇಂಥ ಪಾಠವನ್ನು ಬೇರೊಂದು ಅನಿಲದಿಂದ ಕಲಿತಿದ್ದಾರೆ. ಇಟ್ಟಿಗೆ ಗೂಡಿನ ಹೊಗೆ ತಾಕಿದ ಮರಗಳಲ್ಲಿ ಕಾಯಿಯ ತುದಿ ಕಪ್ಪಾಗಿ ಬಾಡುತ್ತದೆ. ಗಂಧಕದ ಡೈಆಕ್ಸೈಡ್, ಎಥಿಲೀನ್‌ನಂಥ ಅನಿಲಗಳು ಇದಕ್ಕೆ ಕಾರಣ. ಬೊರಾಕ್ಸ್ ಸಿಂಪಡಿಸಿದರೆ ತಕ್ಕಮಟ್ಟಿಗೆ ತಡೆಯಬಹುದು.

ಬೆಂಗಳೂರಿನಲ್ಲಿ ಪರೀಕ್ಷೆಗೆ ಒಳಗಾದದ್ದು ಎಲೆಯಲ್ಲ, ಹೂವಿಗೆ ಬರುವ ಹೆಜ್ಜೇನು. ಅಪಾರ್ಟ್‌ಮೆಂಟಿನ ಸಜ್ಜೆಗೂ ನೀರಿನ ಟ್ಯಾಂಕಿಗೂ ತೂಗುಬೀಳುವ ಇದರ ಹುಟ್ಟನ್ನು ಕಾಣದ ಬೆಂಗಳೂರಿಗರಿಲ್ಲ. ನಗರದ ಜೀವವಿಜ್ಞಾನ ಸಂಸ್ಥೆ ಎನ್.ಸಿ.ಬಿ.ಎಸ್.ನಲ್ಲಿ ಗೀತಾ ತಿಮ್ಮೇಗೌಡ ಮತ್ತು ತಂಡ ಕಡಿಮೆ ಹೊಗೆಯ ಜಾಗಗಳಿಂದ ಹಿಡಿದು ಅತಿ ಹೆಚ್ಚು ಹೊಗೆಯ ಜಾಗಗಳವರೆಗೆ, ಹಳದಿ ಗಂಟೆಯಂತೆ ಅರಳುವ ಟೆಕೋಮಾ ಗಿಡಗಳಿಗೆ ಬರುವ ಜೇನುಹುಳಗಳನ್ನು ಎಣಿಸಿತು, 1,800ಕ್ಕೂ ಹೆಚ್ಚು ಹುಳಗಳನ್ನು ಹಿಡಿದು ಪರೀಕ್ಷಿಸಿತು. 2020ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಮಾಲಿನ್ಯ ಹೆಚ್ಚಿದಂತೆ ಹೂವಿಗೆ ಬರುವ ಹುಳಗಳ ಸಂಖ್ಯೆ ಇಳಿದಿತ್ತು. ಮಧ್ಯಮ ಮತ್ತು ಹೆಚ್ಚು ಮಾಲಿನ್ಯದ ಜಾಗದಿಂದ ತಂದ ಹುಳಗಳಲ್ಲಿ ಶೇ. 80ಕ್ಕೂ ಹೆಚ್ಚು 24 ಗಂಟೆಯೊಳಗೆ ಸತ್ತವು. ಮೈಮೇಲೆ, ಕಾಲಿಗೆ, ರೆಕ್ಕೆಗೆ ಅಂಟಿದ ಕಣಗಳಲ್ಲಿ ಸೀಸದಂಥ ಲೋಹಗಳೂ ಇದ್ದವು. ಬದುಕಿದ್ದವುಗಳ ಹೃದಯ ಬಡಿತದ ಲಯ ಕೂಡ ಬದಲಾಗಿತ್ತು.

ಕಾಡಿನಿಂದಲೋ ಹೊಲದಿಂದಲೋ ಬಂದ ಹುಳ, ಅದಕ್ಕೆ ಮೊದಲೇ ಏನಾಗಿತ್ತೋ ಯಾರಿಗೆ ಗೊತ್ತು ಎಂಬ ಅನುಮಾನ ಸಹಜ. ಸಂಶೋಧಕರಿಗೂ ಅದು ಹೊಳೆದಿತ್ತು. ಹಾಗಾಗಿ ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದ, ಬಾಳೆಹಣ್ಣಿಗೆ ಮುತ್ತುವ ಜಾತಿಯ ಸಣ್ಣ ಹಣ್ಣುನೊಣಗಳನ್ನು ಒಯ್ದು ಅದೇ ಜಾಗಗಳ ಗಾಳಿಯಲ್ಲಿ ಇರಿಸಿದರು. ಅವುಗಳಲ್ಲೂ ಅಂಥವೇ ಬದಲಾವಣೆಗಳು ಕಂಡವು.