ಹಳೆಯ ಎಂಜಿನಿಗೆ ಹೊಸ ಹೊಗೆಕೊಳವೆ

ಕಾರನ್ನು ಕೊಳ್ಳುವವರು ಅದರ ಬಣ್ಣವನ್ನು ನೋಡುತ್ತಾರೆ, ಆಸನವನ್ನು ಒತ್ತಿ ನೋಡುತ್ತಾರೆ, ಬಾನೆಟ್ಟನ್ನೆತ್ತಿ ಎಂಜಿನನ್ನೂ ನೋಡುತ್ತಾರೆ. ಬಗ್ಗಿ ಅದರ ಹೊಗೆಕೊಳವೆಯನ್ನು ನೋಡುವವರು ವಿರಳ. ಗಾಡಿಯ ಅಂಗಗಳಲ್ಲೆಲ್ಲ ಅದೇ ಅತ್ಯಂತ ಉಪೇಕ್ಷಿತವಾದುದು. ಕೆಸರು ಎರಚುವುದು ಅದರ ಮೇಲೆ. ಕಲ್ಲು ಬಡಿಯುವುದು ಅದಕ್ಕೆ. ಹೊರಗಿನಿಂದ ಮಳೆಯ ನೀರೂ ಒಳಗಿನಿಂದ ಹೊಗೆಯ ನೀರೂ ಅದನ್ನು ತಿನ್ನುತ್ತಿರುತ್ತವೆ. ಒಂದು ದಿನ ಅದು ತೂತುಬಿದ್ದು ಗಾಡಿ ಗುಡುಗತೊಡಗಿದಾಗ ಮಾತ್ರ ಯಜಮಾನನಿಗೆ ಅದರ ನೆನಪಾಗುತ್ತದೆ.

ಗಾಡಿ ಹೊಸದಾದರೆ ಚಿಂತೆಯಿಲ್ಲ. ಅದೇ ಮಾದರಿಯ ಬಿಡಿಭಾಗ ಅಂಗಡಿಯಲ್ಲಿ ದೊರೆಯುತ್ತದೆ. ಅದು ಹಳೆಯ ಅಂಬಾಸಡರ್ ಆಗಿದ್ದರೆ? ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಈ ಗಾಡಿಯ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ತಂದೆಯೋ ತಾತನೋ ಕೊಂಡ ಗಾಡಿಯನ್ನು ಇಂದಿಗೂ ಓಡಿಸುತ್ತಿರುವವರು ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಹುಡುಕಬೇಕಾಗುತ್ತದೆ. ಅಲ್ಲಿ ಹಳೆಯ ಮಾದರಿಯದು ಸಿಗದೆ, ಅದೇ ಹೆಸರಿನ ಹೊಸ ಮಾದರಿಯ ಕೊಳವೆ ಸಿಕ್ಕಿತೆನ್ನೋಣ. “ಮೈ ಒಂದೇ ಅಲ್ಲವೇ? ಕೂರಿಸಿಬಿಡೋಣ” ಎನ್ನುತ್ತಾನೆ ಮೆಕ್ಯಾನಿಕ್ಕು. ಕೂರಿಸಬಹುದೇ? ಕೂರಿಸುವುದಾದರೆ ಎಷ್ಟನ್ನು, ಹೇಗೆ? ಇದಕ್ಕೆ ಉತ್ತರ ಕೊಡಬೇಕಾದರೆ ಆ ಕೊಳವೆ ಮಾಡುವ ಕೆಲಸವೇನೆಂಬುದನ್ನು ಮೊದಲು ತಿಳಿಯಬೇಕು.

ಕೊಳವೆಯೊಳಗೆ ನಡೆಯುವುದೇನು?

ಹೊಗೆಯನ್ನು ಹಿಂದಕ್ಕೆ ಸಾಗಿಸುವ ಚರಂಡಿಯಷ್ಟೇ ಇದು ಎಂದು ಬಹು ಮಂದಿ ಭಾವಿಸಿದ್ದಾರೆ. ಸಂಗತಿ ಹಾಗಿಲ್ಲ. ಸಿಲಿಂಡರಿನಲ್ಲಿ ಪೆಟ್ರೋಲು ಉರಿದು ಪಿಸ್ಟನ್ನು ಕೆಳಗಿಳಿಯುತ್ತದೆಯಷ್ಟೆ. ಅದು ತಳವನ್ನು ಮುಟ್ಟುವುದಕ್ಕೆ ಮುಂಚೆಯೇ ಹೊಗೆಯ ಕವಾಟ ತೆರೆಯುತ್ತದೆ. ಆಗ ಒಳಗಿನ ಅನಿಲದ ಒತ್ತಡ ಹೊರಗಿನ ವಾಯುವಿನ ಒತ್ತಡಕ್ಕಿಂತ ಹಲವು ಪಟ್ಟು ಹೆಚ್ಚಾಗಿರುತ್ತದೆ. ಎಂಜಿನು ಭಾರ ಎಳೆಯುತ್ತಿದ್ದರೆ ಅನಿಲದ ಉಷ್ಣತೆ 700 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದುಂಟು. ಇಂತಹ ಅನಿಲ ಒಮ್ಮೆಲೇ ಹೊರಕ್ಕೆ ನುಗ್ಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇಂತಹ ಸ್ಫೋಟಗಳು ಸೆಕೆಂಡಿಗೆ ನೂರು! ಸೈಲೆನ್ಸರು ಇಲ್ಲದ ಗಾಡಿಯ ಆರ್ಭಟಕ್ಕೆ ಕಾರಣ ಇದೇ.

ಪ್ರತಿಯೊಂದು ಸ್ಫೋಟದೊಡನೆ ಒತ್ತಡದ ಅಲೆಯೊಂದು ಕೊಳವೆಯೊಳಗೆ ಓಡುತ್ತದೆ. ಬಿಸಿ ಅನಿಲದಲ್ಲಿ ಶಬ್ದದ ವೇಗ ಹೆಚ್ಚು. ನಾವು ಉಸಿರಾಡುವ ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು 340 ಮೀಟರಾದರೆ ಎಂಜಿನಿನ ಸಮೀಪದ ಕೊಳವೆಯಲ್ಲಿ 500ನ್ನು ಮೀರುತ್ತದೆ. ಕೊಳವೆ ಫಕ್ಕನೆ ಅಗಲವಾಗುವ ಜಾಗವನ್ನು ಅಲೆ ಮುಟ್ಟಿದಾಗ ಅದರಲ್ಲಿ ಒಂದು ಪಾಲು ಕಡಿಮೆ ಒತ್ತಡದ ಅಲೆಯಾಗಿ ಹಿಂದಿರುಗುತ್ತದೆ. ಈ ಅಲೆ ಸಕಾಲದಲ್ಲಿ ಕವಾಟವನ್ನು ತಲಪಿದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೊರಕ್ಕೆಳೆಯುತ್ತದೆ. ಅಕಾಲದಲ್ಲಿ ತಲಪಿದರೆ ಪ್ರಯೋಜನವಿಲ್ಲ. ಆದುದರಿಂದ ಕೊಳವೆಯ ಉದ್ದ, ಅಗಲ, ತಿರುವು, ಕವಲು ಇವೆಲ್ಲವೂ ಎಂಜಿನಿನ ಗುಣಕ್ಕೆ ಸೇರಿದವುಗಳು. ಕೊಳಲಿನ ಉದ್ದಕ್ಕೂ ಅದರ ಸ್ವರಕ್ಕೂ ಇರುವ ಸಂಬಂಧವೇ ಇಲ್ಲಿಯೂ ಉಂಟು.

ಮೂರು ಬಾಯಿಗಳ ಎಂಜಿನು

ಈಗ ನಮ್ಮ ಅಂಬಾಸಡರಿಗೆ ಬರೋಣ. ಇದರ ಹಳೆಯ ಮಾದರಿಗಳಲ್ಲಿದ್ದ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನು ಬ್ರಿಟನ್ನಿನ ಬಿ.ಎಂ.ಸಿ. ಸಂಸ್ಥೆಯ ‘ಬಿ’ ಶ್ರೇಣಿಗೆ ಸೇರಿದ್ದು. 1990ರ ದಶಕದಲ್ಲಿ ಬಂದ ‘1800 ಐ.ಎಸ್.ಝಡ್.’ ಮಾದರಿಯಲ್ಲಿ ಜಪಾನಿನ ಇಸುಜು ಸಂಸ್ಥೆಯ ವಿನ್ಯಾಸದ 1817 ಘನ ಸೆಂಟಿಮೀಟರಿನ ಎಂಜಿನನ್ನು ಇರಿಸಿದರು. ಹೊರಗಿನ ಮೈ ಹೆಚ್ಚು ಕಡಿಮೆ ಒಂದೇ. ಒಳಗಿನ ಹೃದಯ ಮಾತ್ರ ಬೇರೆ.

‘ಬಿ’ ಶ್ರೇಣಿಯ ಎಂಜಿನಿನಲ್ಲಿ ಒಂದು ವೈಚಿತ್ರ್ಯವಿದೆ. ಸಿಲಿಂಡರುಗಳು ನಾಲ್ಕಾದರೂ ಹೊಗೆ ಹೊರಬರುವ ಬಾಯಿಗಳು ಮೂರೇ. ಮೊದಲನೆಯ ಮತ್ತು ನಾಲ್ಕನೆಯ ಸಿಲಿಂಡರುಗಳಿಗೆ ಒಂದೊಂದು. ನಡುವಣ ಎರಡಕ್ಕೂ ಸೇರಿ ಒಂದು. ಒಂದರ ಹೊಗೆ ಇನ್ನೊಂದಕ್ಕೆ ಅಡ್ಡಬರುವುದಿಲ್ಲವೇ ಎಂಬ ಸಂದೇಹ ಸಹಜ. ಆದರೆ ಸಿಲಿಂಡರುಗಳು ಉರಿಯುವ ಸರದಿ 1, 3, 4, 2 ಎಂದಿರುವುದರಿಂದ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಎಂಜಿನಿನ ಒಂದು ಪೂರ್ಣ ಸುತ್ತಿನಷ್ಟು ಅಂತರವಿರುತ್ತದೆ. ಒಂದೇ ಬಾಗಿಲಿದ್ದರೂ ಇಬ್ಬರು ಎದುರಾಗದಂತೆ ವೇಳೆ ಗೊತ್ತುಮಾಡಿದ ಮನೆಯ ಹಾಗೆ ಇದು.

ಈ ಮೂರು ಬಾಯಿಗಳಿಗೆ ಬೋಲ್ಟು ಹಾಕಿ ಬಿಗಿಯುವ ಎರಕದ ಕಬ್ಬಿಣದ ಕವಲುಕೊಳವೆಗೆ ಮ್ಯಾನಿಫೋಲ್ಡು ಎಂದು ಹೆಸರು. ಬೇರೆ ವಿನ್ಯಾಸದ ಎಂಜಿನಿನ ಮ್ಯಾನಿಫೋಲ್ಡು ಇಲ್ಲಿ ಕೂರುವ ಮಾತೇ ಇಲ್ಲ. ಬಾಯಿಗಳ ಸ್ಥಾನವಾಗಲಿ ಬೋಲ್ಟುಗಳ ಸ್ಥಾನವಾಗಲಿ ಹೊಂದುವುದಿಲ್ಲ. ಮೇಲಾಗಿ ಈ ಎಂಜಿನಿನಲ್ಲಿ ಗಾಳಿ ಒಳಹೋಗುವ ದಾರಿಯೂ ಹೊಗೆ ಹೊರಬರುವ ದಾರಿಯೂ ಒಂದೇ ಮಗ್ಗುಲಲ್ಲಿ ಅಕ್ಕಪಕ್ಕದಲ್ಲಿವೆ. ಆದುದರಿಂದ ಮೊದಲ ನಿಯಮವಿದು: ಮ್ಯಾನಿಫೋಲ್ಡನ್ನು ಮುಟ್ಟಬಾರದು. ಬದಲಾವಣೆ ಏನಿದ್ದರೂ ಅದರ ಕೆಳಗಿನ ಕೊಳವೆಯಿಂದ ಹಿಂದಕ್ಕೆ.

ಅಗಲವಾದಷ್ಟೂ ಒಳ್ಳೆಯದೇ?

ಹೊಸ ಗಾಡಿಯ ಕೊಳವೆ ಸಾಮಾನ್ಯವಾಗಿ ಹೆಚ್ಚು ಅಗಲ. ಹೊಗೆ ಸರಾಗವಾಗಿ ಹೋದರೆ ಶಕ್ತಿ ಹೆಚ್ಚುವುದೆಂದು ಕೆಲವರು ಹಿಗ್ಗುತ್ತಾರೆ. ಎಂಜಿನಿಗೆ ಹಿಂದಿನಿಂದ ಸ್ವಲ್ಪ ತಡೆ ಇರಲೇಬೇಕೆಂದು ಮತ್ತೆ ಕೆಲವರು ವಾದಿಸುತ್ತಾರೆ. ಎರಡೂ ಅರ್ಧಸತ್ಯಗಳು. ತಡೆಯಿಂದ ಎಂಜಿನಿಗೆ ಯಾವ ಉಪಕಾರವೂ ಇಲ್ಲ. ಅದಕ್ಕೆ ಬೇಕಾದುದು ಅನಿಲದ ವೇಗ. ವೇಗವಾಗಿ ಓಡುವ ಅನಿಲ ತನ್ನ ಹಿಂದಿನದನ್ನು ಎಳೆದುಕೊಂಡು ಹೋಗುತ್ತದೆ.

ಒಂದು ಸಣ್ಣ ಲೆಕ್ಕವನ್ನು ಮಾಡೋಣ. 1489 ಘನ ಸೆಂಟಿಮೀಟರಿನ ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುತ್ತ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಸೆಕೆಂಡಿಗೆ ಸುಮಾರು 30 ಲೀಟರು ಗಾಳಿಯನ್ನು ಸೇವಿಸುತ್ತದೆ. ಉರಿದ ಮೇಲೆ ಕೊಳವೆಯ ಮಧ್ಯಭಾಗದಲ್ಲಿ ಅದರ ಉಷ್ಣತೆ 300 ಡಿಗ್ರಿಗಿಂತ ತುಸು ಹೆಚ್ಚಿದ್ದರೆ ಗಾತ್ರ ಇಮ್ಮಡಿಯಾಗಿ 60 ಲೀಟರಾಗುತ್ತದೆ. ಒಂದೂವರೆ ಅಂಗುಲ ವ್ಯಾಸದ ಕೊಳವೆಯಲ್ಲಿ ಇದು ಸೆಕೆಂಡಿಗೆ 50 ಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಹರಿಯಬೇಕು. ಎರಡು ಅಂಗುಲದ ಕೊಳವೆಯಾದರೆ 30 ಮೀಟರು ಸಾಕು. ವ್ಯಾಸದಲ್ಲಿ ಅರ್ಧ ಅಂಗುಲ ಹೆಚ್ಚಿದರೆ ವೇಗದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನಷ್ಟ! ಊರೊಳಗಿನ ನಿಧಾನದ ಓಟದಲ್ಲಿ, ಘಟ್ಟದ ಏರಿನಲ್ಲಿ, ಗಾಡಿಯ ಎಳೆತ ಕುಗ್ಗಿತೆಂಬ ದೂರು ಬರುವುದು ಇದರಿಂದಲೇ.

ಹೊಸ ಎಂಜಿನು ಹಳೆಯದಕ್ಕಿಂತ ನೂರಕ್ಕೆ 22ರಷ್ಟು ದೊಡ್ಡದು. ಅಷ್ಟು ಹೆಚ್ಚಿನ ಅನಿಲ ಅದೇ ವೇಗದಲ್ಲಿ ಹರಿಯಲು ವ್ಯಾಸ ನೂರಕ್ಕೆ 10ರಷ್ಟು ಹೆಚ್ಚಿದರೆ ಸಾಕು. ಆದುದರಿಂದ ಸಿಕ್ಕಿದ ಕೊಳವೆಯನ್ನು ಅಳೆದು ನೋಡತಕ್ಕದ್ದು. ಹಳೆಯದಕ್ಕಿಂತ ಇಷ್ಟೇ ಅಗಲವಾಗಿದ್ದರೆ ತೊಂದರೆಯಿಲ್ಲ. ಅದಕ್ಕಿಂತ ತೀರ ಅಗಲವಾಗಿದ್ದರೆ ಮುಂಭಾಗದ ಕೊಳವೆಯನ್ನು ಹಳೆಯ ಅಳತೆಯಲ್ಲೇ ಬಗ್ಗಿಸಿ ಮಾಡಿಸಿ, ಸೈಲೆನ್ಸರನ್ನೂ ಅದರ ಹಿಂದಿನ ಕೊಳವೆಯನ್ನೂ ಮಾತ್ರ ಹೊಸದರಿಂದ ತೆಗೆದುಕೊಳ್ಳುವುದು ಮೇಲು. ಹಿಂದಕ್ಕೆ ಹೋದಂತೆ ಅನಿಲ ತಣ್ಣಗಾಗಿ, ಅಲೆಗಳೂ ಶಾಂತವಾಗುವುದರಿಂದ ಅಲ್ಲಿನ ವ್ಯತ್ಯಾಸ ಎಂಜಿನಿಗೆ ಅಷ್ಟಾಗಿ ತಟ್ಟುವುದಿಲ್ಲ.

ವೇಗವರ್ಧಕದ ಪೆಟ್ಟಿಗೆ

ಹೊಸ ಕೊಳವೆಯ ಮಧ್ಯೆ ಸೈಲೆನ್ಸರಿನಂತೆಯೇ ಕಾಣುವ ಇನ್ನೊಂದು ಪೆಟ್ಟಿಗೆ ಇದ್ದರೆ ಎಚ್ಚರಿಕೆ ವಹಿಸಬೇಕು. ಅದು ಕೆಟಲಿಟಿಕ್ ಕನ್ವರ್ಟರು. ಒಳಗೆ ಜೇನುಹುಟ್ಟಿನಂತಹ ಪಿಂಗಾಣಿಯ ಗೂಡುಗಳು; ಅವುಗಳ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ಅತಿ ತೆಳುವಾದ ಲೇಪ. ಈ ಲೋಹಗಳು ತಾವು ವ್ಯಯವಾಗದೆ, ವಿಷಾನಿಲಗಳನ್ನು ನಿರಪಾಯವಾದ ಅನಿಲಗಳನ್ನಾಗಿ ಮಾಡುವ ಕ್ರಿಯೆಯನ್ನು ತ್ವರೆಗೊಳಿಸುತ್ತವೆ. ಭಾರತದ ನಾಲ್ಕು ಮಹಾನಗರಗಳಲ್ಲಿ 1995ರಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದರು. ಸೀಸ ಬೆರೆತ ಪೆಟ್ರೋಲು ಈ ಲೇಪವನ್ನು ಕೆಡಿಸುತ್ತಿದ್ದುದರಿಂದ ಅದನ್ನೂ 2000ದ ವೇಳೆಗೆ ದೇಶದಲ್ಲೆಲ್ಲ ನಿಲ್ಲಿಸಲಾಯಿತು.

ಹಳೆಯ ಗಾಡಿಗೂ ಇದು ಇದ್ದರೆ ಊರಿನ ಗಾಳಿಗೆ ಒಳ್ಳೆಯದಲ್ಲವೇ? ಉದ್ದೇಶ ಶ್ಲಾಘ್ಯವಾದರೂ ಫಲ ಸಂದೇಹಾಸ್ಪದ. ಮೂರು ಬಗೆಯ ವಿಷಗಳನ್ನೂ ಒಮ್ಮೆಗೇ ನಿವಾರಿಸಬೇಕಾದರೆ ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿ ಎಂಬ ಪ್ರಮಾಣ ಸದಾ ನಿಲ್ಲಬೇಕು. ಇಂದಿನ ಗಾಡಿಗಳಲ್ಲಿ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಸಲಕರಣೆಯೂ ಅದರಂತೆ ಪೆಟ್ರೋಲನ್ನು ತಿದ್ದುವ ವಿದ್ಯುದ್ಯಂತ್ರವೂ ಈ ಕೆಲಸವನ್ನು ಮಾಡುತ್ತವೆ. ಹಳೆಯ ಕಾರ್ಬ್ಯುರೇಟರಿಗೆ ಅಂತಹ ಕಣ್ಣಿಲ್ಲ. ಪೆಟ್ರೋಲು ಹೆಚ್ಚಾದರೆ ಉರಿಯದೆ ಉಳಿದುದು ಕನ್ವರ್ಟರಿನೊಳಗೆ ಉರಿಯುತ್ತದೆ. ಒಂದು ಪ್ಲಗ್ಗು ಕೆಲಸಮಾಡದಿದ್ದರಂತೂ ಪೆಟ್ಟಿಗೆ ಕೆಂಪಗೆ ಕಾದು ಒಳಗಿನ ಗೂಡು ಕರಗಿ ದಾರಿ ಮುಚ್ಚಿಹೋಗಬಹುದು. ಒಣಹುಲ್ಲಿನ ಮೇಲೆ ನಿಲ್ಲಿಸಿದ ಗಾಡಿಗೆ ಬೆಂಕಿಯ ಭಯವೂ ಉಂಟು. ಸವೆದ ಎಂಜಿನು ಸುಡುವ ಎಣ್ಣೆಯಲ್ಲಿನ ರಂಜಕವೂ ಲೇಪವನ್ನು ಕೆಡಿಸುತ್ತದೆ. ಗಾಡಿ ಹುಟ್ಟಿದಾಗ ಕನ್ವರ್ಟರಿಲ್ಲದಿದ್ದರೆ, ಗುಜರಿಯಿಂದ ತಂದ ಕನ್ವರ್ಟರನ್ನು ಜೋಡಿಸುವುದಕ್ಕಿಂತ ಕಾರ್ಬ್ಯುರೇಟರನ್ನೂ ಪ್ಲಗ್ಗುಗಳನ್ನೂ ಸರಿಯಾಗಿಟ್ಟುಕೊಳ್ಳುವುದರಿಂದ ಊರಿಗೆ ಹೆಚ್ಚು ಉಪಕಾರ.

ಜೋಡಣೆ

ಕೊಳವೆಯನ್ನು ಆರಿಸಿದ ಮೇಲೆ ಜೋಡಣೆ. ಎಂಜಿನು ರಬ್ಬರಿನ ಮೇಲೆ ಕುಳಿತು ಅಲುಗಾಡುತ್ತದೆ. ಗಾಡಿಯ ಮೈ ಅಲುಗುವುದಿಲ್ಲ. ಎರಡಕ್ಕೂ ಬಿಗಿಯಾಗಿ ಕಟ್ಟಿದ ಕೊಳವೆ ಬೇಗನೆ ಬಿರಿಯುವುದು ನಿಶ್ಚಯ. ಮೇಲಾಗಿ ಮೂರು ಮೀಟರು ಉದ್ದದ ಉಕ್ಕಿನ ಕೊಳವೆ 300 ಡಿಗ್ರಿಯಷ್ಟು ಕಾದರೆ ಸುಮಾರು 11 ಮಿಲಿಮೀಟರು ಉದ್ದವಾಗುತ್ತದೆ. ಈ ಎರಡು ಚಲನೆಗಳಿಗೂ ಅವಕಾಶವಾಗುವಂತೆ ಕೊಳವೆಯನ್ನು ರಬ್ಬರು ಕೊಂಡಿಗಳಲ್ಲಿ ತೂಗುಹಾಕಬೇಕು. ಹಿಂದಿನ ಅಚ್ಚು ಗುಂಡಿಯಲ್ಲಿ ಮೇಲೆದ್ದಾಗ ಕೊಳವೆಗೆ ತಗಲಬಾರದು. ಇದನ್ನು ಗಾಡಿಯನ್ನು ಜಾಕಿನ ಮೇಲೆತ್ತಿ ನೋಡಿದರೆ ತಿಳಿಯದು. ಆಗ ಅಚ್ಚು ಕೆಳಗೆ ಜೋತುಬಿದ್ದಿರುತ್ತದೆ. ಗಾಡಿ ತನ್ನ ಚಕ್ರಗಳ ಮೇಲೆ ನಿಂತು, ಹಿಂದೆ ನಾಲ್ಕು ಜನ ಕುಳಿತಿರುವಾಗ ನೋಡತಕ್ಕದ್ದು. ಪೆಟ್ರೋಲಿನ ನಳಿಕೆಗೂ ಬ್ರೇಕಿನ ನಳಿಕೆಗೂ ಕೊಳವೆ ದೂರವಿರಬೇಕು.

ಒಂದು ಲೀಟರು ಪೆಟ್ರೋಲು ಉರಿದಾಗ ಹೆಚ್ಚು ಕಡಿಮೆ ಒಂದು ಲೀಟರು ನೀರು ಹುಟ್ಟುತ್ತದೆಂಬುದು ಅನೇಕರಿಗೆ ಆಶ್ಚರ್ಯವಾದೀತು. ಕೊಳವೆ ಬಿಸಿಯಾಗಿದ್ದರೆ ಅದು ಆವಿಯಾಗಿ ಹೊರಟುಹೋಗುತ್ತದೆ. ಮನೆಯಿಂದ ಮಾರುಕಟ್ಟೆಯವರೆಗೆ ಮಾತ್ರ ಓಡುವ ಗಾಡಿಯಲ್ಲಿ ಅದು ಸೈಲೆನ್ಸರಿನ ತಳದಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ವಾರಕ್ಕೊಮ್ಮೆಯಾದರೂ ಗಾಡಿಯನ್ನು ದೂರ ಓಡಿಸುವುದೇ ಇದಕ್ಕೆ ಸುಲಭವಾದ ಮದ್ದು. ವೆಲ್ಡಿಂಗಿಗೆ ನೀರಿನ ಪೈಪಿನಂತಹ ಸತುವು ಬಳಿದ ಕೊಳವೆಯನ್ನು ಬಳಸಕೂಡದು. ಸತುವಿನ ಹೊಗೆ ಕೆಲಸಗಾರನಿಗೆ ಜ್ವರ ತರುತ್ತದೆ.

ಕಾಣದ ವಿಷ

ಇಷ್ಟರವರೆಗೆ ಹೇಳಿದುದರಲ್ಲಿ ತಪ್ಪಿದರೆ ಗಾಡಿಗೆ ನಷ್ಟ. ಈಗ ಹೇಳುವುದರಲ್ಲಿ ತಪ್ಪಿದರೆ ಪ್ರಾಣಕ್ಕೇ ನಷ್ಟ. ಕಾರ್ಬ್ಯುರೇಟರಿನ ಎಂಜಿನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡು ಹೇರಳವಾಗಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಲದಿಂದ ಕೂಡಿಕೊಳ್ಳುತ್ತದೆ. ಪರಿಣಾಮವಾಗಿ ಉಸಿರಾಡುತ್ತಿದ್ದರೂ ದೇಹಕ್ಕೆ ಪ್ರಾಣವಾಯು ದೊರೆಯುವುದಿಲ್ಲ. ತಲೆನೋವು, ಮಂಪರು, ವಾಕರಿಕೆ ಇವು ಮೊದಲ ಚಿಹ್ನೆಗಳು. ಪ್ರಯಾಣದ ಆಯಾಸವೆಂದು ಅವನ್ನು ತಳ್ಳಿಹಾಕುವುದು ಸುಲಭ. ಹಿಂದಿನ ಆಸನದಲ್ಲಿ ಮಕ್ಕಳು ನಿದ್ದೆಹೋದರೆಂದು ತಿಳಿಯುವುದು ಇನ್ನೂ ಸುಲಭ.

ಹಳೆಯ ಗಾಡಿಯ ನೆಲದ ತಗಡಿನಲ್ಲಿ, ಡಿಕ್ಕಿಯ ಅಂಚಿನಲ್ಲಿ ತುಕ್ಕಿನ ತೂತುಗಳಿರುವುದು ಸಾಮಾನ್ಯ. ಬೇರೆ ಗಾಡಿಯ ಕೊಳವೆ ನಾಲ್ಕು ಅಂಗುಲ ಗಿಡ್ಡವಾಗಿ ಡಿಕ್ಕಿಯ ಕೆಳಗೇ ಕೊನೆಗೊಂಡರೆ ಹೊಗೆ ಆ ತೂತುಗಳಿಂದ ಒಳಸೇರುತ್ತದೆ. ಓಡುವ ಗಾಡಿಯ ಬೆನ್ನ ಹಿಂದೆ ಒತ್ತಡ ಕಡಿಮೆಯಿದ್ದು ಗಾಳಿ ಸುಳಿಯುವುದರಿಂದ ಹೊಗೆ ಅಲ್ಲೇ ಸುತ್ತುತ್ತಿರುತ್ತದೆಂಬುದನ್ನೂ ಮರೆಯಬಾರದು. ಆದುದರಿಂದ ಕೊಳವೆಯ ತುದಿ ಗಾಡಿಯ ಮೈಯಿಂದ ಹೊರಗೆ ಬಂದಿರಲೇಬೇಕು.

ಸೋರಿಕೆಯನ್ನು ಪರೀಕ್ಷಿಸುವ ಕ್ರಮ ಸರಳವಾಗಿದೆ. ಬಯಲಿನಲ್ಲಿ ಗಾಡಿಯನ್ನು ನಿಲ್ಲಿಸಿ, ಎಂಜಿನು ತಣ್ಣಗಿರುವಾಗಲೇ ಚಾಲೂ ಮಾಡಿ, ಒಬ್ಬರು ಒದ್ದೆಬಟ್ಟೆಯ ದಪ್ಪ ಮಡಿಕೆಯನ್ನು ಕೊಳವೆಯ ತುದಿಗೆ ಕೆಲವು ಕ್ಷಣ ಒತ್ತಿಹಿಡಿಯಬೇಕು. ಕೀಲುಗಳು ಭದ್ರವಾಗಿದ್ದರೆ ಎಂಜಿನಿನ ಸದ್ದು ಉಡುಗುತ್ತದೆ. ಸೋರಿಕೆಯಿದ್ದರೆ ಬುಸುಗುಟ್ಟುವ ಧ್ವನಿ ಅದರ ಸ್ಥಳವನ್ನು ತಾನೇ ಹೇಳುತ್ತದೆ. ಅದನ್ನು ಮುಚ್ಚದೆ ಗಾಡಿಯನ್ನು ರಸ್ತೆಗಿಳಿಸಕೂಡದು.

ಕೊನೆಯದಾಗಿ, ಕೊಳವೆ ಬದಲಾದರೆ ಎಂಜಿನು ಸೇವಿಸುವ ಗಾಳಿಯ ಪ್ರಮಾಣವೂ ಅಷ್ಟಿಷ್ಟು ಬದಲಾಗುತ್ತದೆ. ನೂರಿನ್ನೂರು ಕಿಲೋಮೀಟರು ಓಡಿಸಿ ಪ್ಲಗ್ಗುಗಳನ್ನು ಬಿಚ್ಚಿ ನೋಡಬೇಕು. ಅವು ಕಂದು ಬೂದು ಬಣ್ಣಕ್ಕಿದ್ದರೆ ಕ್ಷೇಮ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಕವಾಟಗಳು ಸುಡುವ ಅಪಾಯವುಂಟು. ಮಸಿ ಹಿಡಿದಿದ್ದರೆ ಪೆಟ್ರೋಲು ಅತಿಯಾಯಿತು. ಅನಂತರ ಹೊಗೆತಪಾಸಣೆಯ ಕೇಂದ್ರಕ್ಕೆ ಹೋಗಬೇಕು. ಭಾರತ್ ಸ್ಟೇಜ್ ನಿಯಮಗಳಿಗಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿ ನೂರಕ್ಕೆ 3. ಅಲ್ಲಿನ ಅಂಕಿ ಸರ್ಕಾರದ ಚೀಟಿಗಾಗಿ ಮಾತ್ರವಲ್ಲ, ಕಾರ್ಬ್ಯುರೇಟರನ್ನು ತಿದ್ದುವುದಕ್ಕೂ ಒಳ್ಳೆಯ ಕೈಮರ. ಶಬ್ದದ ಮಿತಿಯೂ ಕಾನೂನಿನಲ್ಲುಂಟು. ಸೈಲೆನ್ಸರಿನ ಹೊಟ್ಟೆಯನ್ನು ಬಗೆದು ಗಾಡಿಯನ್ನು ಗುಡುಗಿಸುವುದು ದಂಡಾರ್ಹ ಅಪರಾಧ.

ಮೆಕ್ಯಾನಿಕ್ಕಿನ ಮಾತಿಗೆ ನಮ್ಮ ಉತ್ತರವಿಷ್ಟು: ಕೂರಿಸಬಹುದು, ಆದರೆ ಎಲ್ಲವನ್ನೂ ಅಲ್ಲ. ಮ್ಯಾನಿಫೋಲ್ಡು ಹಳೆಯದೇ ಇರಲಿ, ಕನ್ವರ್ಟರು ಬೇಡ, ಅಳತೆಗೆ ಹೊಂದುವ ಸೈಲೆನ್ಸರೂ ಹಿಂದಿನ ಕೊಳವೆಯೂ ಬರಲಿ. ಹೊಸದನ್ನು ಹಳೆಯದಕ್ಕೆ ಸೇರಿಸುವಾಗ ನೋಡಬೇಕಾದುದು ಎರಡರ ಹೆಸರನ್ನಲ್ಲ, ಎರಡರ ಉಸಿರನ್ನು. ಅಷ್ಟು ಮಾಡಿದರೆ ತಾತನ ಗಾಡಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಇನ್ನೂ ಹಲವು ಕಾಲ ನಿಶ್ಶಬ್ದವಾಗಿ, ನಿರಪಾಯವಾಗಿ ಓಡೀತು.